‘ರೆಸಿಪ್ರೊಕೇಟ್’: ಉತ್ತರವಲ್ಲ, ಪಡೆದುದಕ್ಕೆ ಪ್ರತಿಯಾಗಿ ಕೊಡುವುದು

ಕಚೇರಿಯ ಇ-ಮೇಲ್‌ಗಳು, ಹಬ್ಬದ ಶುಭಾಶಯಗಳು, ರಾಜತಾಂತ್ರಿಕ ಹೇಳಿಕೆಗಳು, ನ್ಯಾಯಾಲಯದ ಕಡತಗಳು ಇವೆಲ್ಲವುಗಳಲ್ಲಿಯೂ ಎದುರಾಗುವ ಇಂಗ್ಲಿಷ್ ಕ್ರಿಯಾಪದ ‘ರೆಸಿಪ್ರೊಕೇಟ್’. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು 2025ರ ಏಪ್ರಿಲ್ 2ರಂದು ‘ರೆಸಿಪ್ರೊಕಲ್ ಟ್ಯಾರಿಫ್’ ಘೋಷಿಸಿದ ಬಳಿಕ ಇದರ ವಿಶೇಷಣ ರೂಪವು ಪತ್ರಿಕೆ ಓದುವವರೆಲ್ಲರ ಬಾಯಿಗೂ ಬಂತು. ಪದ ಪರಿಚಿತವಾದಷ್ಟು ಅದರ ಅರ್ಥ ಪರಿಚಿತವಾಗಿಲ್ಲ. ‘ಉತ್ತರ ಕೊಡಿ’ ಎನ್ನಬೇಕಾದಲ್ಲಿ ‘ರೆಸಿಪ್ರೊಕೇಟ್ ಮಾಡಿ’ ಎಂದು ಬರೆಯುವವರಿದ್ದಾರೆ; ‘ಸೇಡು’ ಎಂಬರ್ಥದಲ್ಲಿ ಮಾತ್ರ ಬಳಸುವವರೂ ಇದ್ದಾರೆ. ಎರಡೂ ಪದದ ಪೂರ್ಣಾರ್ಥವಲ್ಲ.

ಮೂಲಾರ್ಥ

ಈ ಪದದ ಬೇರು ಲ್ಯಾಟಿನ್ ಭಾಷೆಯ ‘ರೆಸಿಪ್ರೊಕಸ್’. ಹಿಂದಕ್ಕೂ ಮುಂದಕ್ಕೂ ಚಲಿಸುವುದು ಎಂಬುದು ಅದರ ಅರ್ಥ. ಸಮುದ್ರದ ಉಬ್ಬರವಿಳಿತದಂತೆ ಹೋದದ್ದು ಮರಳಿ ಬರುವ ಚಲನೆ ಇದರಲ್ಲಿ ಅಡಗಿದೆ. ಯಂತ್ರಶಾಸ್ತ್ರ ಈ ಮೂಲಾರ್ಥವನ್ನು ಇಂದಿಗೂ ಉಳಿಸಿಕೊಂಡಿದೆ. ಸಿಲಿಂಡರಿನೊಳಗೆ ಪಿಸ್ಟನ್ ಹಿಂದೆ ಮುಂದೆ ಓಡಾಡುವ ಎಂಜಿನ್ನಿಗೆ ‘ರೆಸಿಪ್ರೊಕೇಟಿಂಗ್ ಎಂಜಿನ್’ ಎಂದೇ ಹೆಸರು. ಗಣಿತದಲ್ಲಿ 5ರ ‘ರೆಸಿಪ್ರೊಕಲ್’ 1/5. ಎರಡನ್ನೂ ಗುಣಿಸಿದರೆ 1 ದೊರೆಯುತ್ತದೆ. ಕನ್ನಡ ಪಠ್ಯಗಳು ಇದನ್ನು ‘ವ್ಯುತ್ಕ್ರಮ’ ಎನ್ನುತ್ತವೆ.

ಮನುಷ್ಯ ಸಂಬಂಧಗಳಿಗೆ ಬಂದಾಗ ಈ ಚಲನೆ ಕೊಡುಕೊಳ್ಳುವಿಕೆಯಾಗುತ್ತದೆ. ಒಬ್ಬರು ತೋರಿದ ಪ್ರೀತಿ, ಗೌರವ, ಆತಿಥ್ಯ ಅಥವಾ ಸಹಾಯಕ್ಕೆ ಪ್ರತಿಯಾಗಿ ಇನ್ನೊಬ್ಬರು ಅದೇ ಬಗೆಯದನ್ನು, ಇಲ್ಲವೇ ಅದಕ್ಕೆ ಸರಿದೂಗುವುದನ್ನು ಮರಳಿಸುವುದೇ ‘ರೆಸಿಪ್ರೊಕೇಟ್’. ಕನ್ನಡದಲ್ಲಿ ಇದಕ್ಕೆ ಹತ್ತಿರವಾಗಿ ಪ್ರತ್ಯುಪಕಾರ, ಪ್ರತಿವಂದನೆ, ಪ್ರತಿಸ್ಪಂದನೆ ಮೊದಲಾದ ಸಂಸ್ಕೃತ ಮೂಲದ ಪದಗಳಿವೆ. ಆದರೆ ಪೂರ್ಣಾರ್ಥವನ್ನು ಹಿಡಿದಿಡುವ ಪದ ‘ಮುಯ್ಯಿ’. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಆ ಮನೆಯವರು ತಮ್ಮ ಸರದಿ ಬಂದಾಗ ಹಿಂದಿರುಗಿಸುತ್ತಾರೆ. ರೈತರು ಕೂಲಿಯ ಬದಲು ಪರಸ್ಪರರ ಹೊಲದಲ್ಲಿ ದುಡಿದು ಕೊಡುವುದಕ್ಕೆ ‘ಮುಯ್ಯಾಳು’ ಎನ್ನುತ್ತಾರೆ. ಹಾಗೆಯೇ ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಸೇಡು ತೀರಿಸಿಕೊಳ್ಳುವುದೂ ಹೌದು. ಒಳಿತಿಗೂ ಕೆಡುಕಿಗೂ ಸಲ್ಲುವ ಈ ಇಬ್ಬಗೆಯ ಗುಣ ಇಂಗ್ಲಿಷ್ ಪದಕ್ಕೂ ಇದೆ. ಸ್ನೇಹವನ್ನು ರೆಸಿಪ್ರೊಕೇಟ್ ಮಾಡಬಹುದು, ಹಗೆಯನ್ನೂ ಮಾಡಬಹುದು. ಕೇವಲ ಪ್ರತೀಕಾರವನ್ನು ಹೇಳಬೇಕಾದಾಗ ಇಂಗ್ಲಿಷಿನಲ್ಲಿ ‘ರಿಟ್ಯಾಲಿಯೇಟ್’ ಎಂಬ ಬೇರೆ ಪದವಿದೆ.

ಬಳಕೆಯ ನಿಯಮಗಳು

ಈ ಕ್ರಿಯಾಪದದ ಕರ್ಮವಾಗಿ ಬರಬೇಕಾದುದು ಭಾವನೆ ಅಥವಾ ಕ್ರಿಯೆ, ವ್ಯಕ್ತಿಯಲ್ಲ. ‘ಷಿ ರೆಸಿಪ್ರೊಕೇಟೆಡ್ ಹಿಸ್ ಅಫೆಕ್ಷನ್’ ಎಂಬುದು ಸರಿ. ‘ಷಿ ರೆಸಿಪ್ರೊಕೇಟೆಡ್ ಹಿಮ್’ ಎಂಬುದು ತಪ್ಪು. ಕನ್ನಡದಲ್ಲಿ ‘ಅವನಿಗೆ ಸ್ಪಂದಿಸಿದಳು’ ಎನ್ನುವ ರೂಢಿಯಿರುವುದರಿಂದ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಕರ್ಮಪದವಿಲ್ಲದೆಯೂ ಇದನ್ನು ಬಳಸಬಹುದು. ಆಗ ಏನನ್ನು ಮರಳಿಸಲಾಯಿತು ಎಂಬುದನ್ನು ‘ವಿತ್’ ಅಥವಾ ‘ಬೈ’ ಜೋಡಿಸಿ ಹೇಳಬೇಕು. ನೆರೆಮನೆಯವರು ಊಟಕ್ಕೆ ಕರೆದಿದ್ದರು, ಪ್ರತಿಯಾಗಿ ಇವರೂ ಅವರನ್ನು ಆಹ್ವಾನಿಸಿದರು ಎನ್ನುವಲ್ಲಿ ‘ದೇ ರೆಸಿಪ್ರೊಕೇಟೆಡ್ ಬೈ ಇನ್ವೈಟಿಂಗ್ ದೆಮ್’ ಎಂಬ ರಚನೆ ಸೂಕ್ತ.

‘ರೆಸಿಪ್ರೊಕೇಟ್ ಬ್ಯಾಕ್’ ಎಂಬ ಪ್ರಯೋಗ ಪುನರುಕ್ತಿ. ಮರಳಿಸುವ ಅರ್ಥ ಪದದೊಳಗೇ ಇರುವಾಗ ‘ಬ್ಯಾಕ್’ ಅನಾವಶ್ಯಕ. ಕಚೇರಿ ಪತ್ರಗಳ ‘ಕೈಂಡ್ಲಿ ರೆಸಿಪ್ರೊಕೇಟ್ ಟು ದಿಸ್ ಮೇಲ್’ ಎಂಬ ವಾಕ್ಯವೂ ಸರಿಯಲ್ಲ. ಪ್ರಶ್ನೆಗೆ ಉತ್ತರಿಸುವುದು ‘ರಿಪ್ಲೈ’, ಸಂದರ್ಭಕ್ಕೆ ಸ್ಪಂದಿಸುವುದು ‘ರೆಸ್ಪಾಂಡ್’, ಸಾಲ ತೀರಿಸುವುದು ‘ರಿಪೇ’. ಪತ್ರಕ್ಕೆ ಉತ್ತರ ಬಯಸುವವರು ‘ರಿಪ್ಲೈ’ ಎಂದರೆ ಸಾಕು. ಶುಭಾಶಯಕ್ಕೆ ಪ್ರತಿಯಾಗಿ ‘ವಿ ರೆಸಿಪ್ರೊಕೇಟ್ ಯುವರ್ ಗುಡ್ ವಿಷಸ್’ ಎಂದು ಬರೆಯುವುದು ಮಾತ್ರ ಸರಿಯಾದ ಪ್ರಯೋಗ. ಬಂದದ್ದೂ ಹಾರೈಕೆ, ಹೋಗುತ್ತಿರುವುದೂ ಹಾರೈಕೆ. ಆದರೆ ಇದು ಔಪಚಾರಿಕ ಪದ. ಗೆಳೆಯರ ನಡುವಿನ ಮಾತಿಗೆ ‘ಸೇಮ್ ಟು ಯೂ’ ಹೆಚ್ಚು ಒಪ್ಪುತ್ತದೆ.

ಉಚ್ಚಾರಣೆಯಲ್ಲಿಯೂ ಎಚ್ಚರ ಬೇಕು. ಪದದಲ್ಲಿ ‘ಸಿ’ ಅಕ್ಷರ ಎರಡು ಬಾರಿ ಬರುತ್ತದೆ. ಮೊದಲನೆಯದು ಸಕಾರವಾಗಿ, ಎರಡನೆಯದು ಕಕಾರವಾಗಿ ನುಡಿಯುತ್ತದೆ. ಒತ್ತು ಎರಡನೆಯ ಉಚ್ಚಾರಾಂಶದ ಮೇಲೆ ಬೀಳುವುದರಿಂದ ಇಂಗ್ಲಿಷರ ಬಾಯಲ್ಲಿ ‘ರಿಸಿಪ್ರಕೇಟ್’ ಎಂದು ಕೇಳಿಸುತ್ತದೆ. ನಾಮಪದವಾದ ‘ರೆಸಿಪ್ರಾಸಿಟಿ’ಯಲ್ಲಿ ಎರಡೂ ಸಕಾರಗಳೇ.

ಕಾನೂನಿನಲ್ಲಿ ಇದರ ತೂಕ

ವ್ಯಾಕರಣದ ತಪ್ಪಿನಿಂದ ಆಗುವ ಹಾನಿ ಅಷ್ಟಕ್ಕಷ್ಟೇ. ಕಾನೂನಿನಲ್ಲಿ ಈ ಪದದ ಅರ್ಥ ತಿಳಿಯದಿದ್ದರೆ ಹಣ ಮತ್ತು ಆಸ್ತಿಗೇ ತೊಂದರೆ. 1872ರ ಭಾರತೀಯ ಕರಾರು ಕಾಯಿದೆ ‘ರೆಸಿಪ್ರೊಕಲ್ ಪ್ರಾಮಿಸಸ್’ ಎಂಬ ಪರಿಕಲ್ಪನೆಯನ್ನು ವಿವರಿಸುತ್ತದೆ. ಒಂದು ವಾಗ್ದಾನ ಇನ್ನೊಂದಕ್ಕೆ ಪ್ರತಿಫಲವಾಗಿ ನಿಂತಾಗ ಅವು ಪರಸ್ಪರ ವಾಗ್ದಾನಗಳು. ಎರಡನ್ನೂ ಏಕಕಾಲಕ್ಕೆ ನೆರವೇರಿಸಬೇಕಾದಾಗ, ಎದುರು ಪಕ್ಷವು ತನ್ನ ಮಾತನ್ನು ನಡೆಸಲು ಸಿದ್ಧವೂ ಇಚ್ಛುಕವೂ ಆಗಿರದಿದ್ದರೆ ಈ ಪಕ್ಷ ತನ್ನ ಮಾತನ್ನು ನಡೆಸಬೇಕಾಗಿಲ್ಲ ಎಂದು 51ನೇ ಕಲಂ ಹೇಳುತ್ತದೆ. ಸರಕು ತಲುಪಿದೊಡನೆ ಹಣ ಎಂಬ ಒಪ್ಪಂದವಿದ್ದರೆ, ಹಣ ಕೊಡಲು ಸಿದ್ಧನಿಲ್ಲದ ಖರೀದಿದಾರನಿಗೆ ವರ್ತಕ ಸರಕು ಒಪ್ಪಿಸಬೇಕಾಗಿಲ್ಲ. ಸರಕು ಒಪ್ಪಿಸಲು ಸಿದ್ಧನಿಲ್ಲದ ವರ್ತಕನಿಗೆ ಖರೀದಿದಾರ ಹಣ ಕೊಡಬೇಕಾಗಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕನ್ನಡಿಗರಿಗೆ ಮುಖ್ಯವಾದುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂ. ಅದರಲ್ಲಿರುವ ‘ರೆಸಿಪ್ರೊಕೇಟಿಂಗ್ ಟೆರಿಟರಿ’ ಎಂದರೆ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಹೆಸರಿಸಿದ ಹೊರದೇಶ. ಅಂಥ ದೇಶದ ಅಧಿಸೂಚಿತ ಉನ್ನತ ನ್ಯಾಯಾಲಯಗಳು ಹಣಪಾವತಿಗೆ ನೀಡಿದ ಡಿಕ್ರಿಯ ಪ್ರಮಾಣೀಕೃತ ಪ್ರತಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಿದರೆ, ಅದನ್ನು ಆ ನ್ಯಾಯಾಲಯವೇ ನೀಡಿದ ಡಿಕ್ರಿಯಂತೆ ಜಾರಿ ಮಾಡಬಹುದು. ಬ್ರಿಟನ್ ಮತ್ತು ಸಿಂಗಪುರ ಬಹುಕಾಲದಿಂದ ಈ ಪಟ್ಟಿಯಲ್ಲಿವೆ. 2020ರ ಜನವರಿಯಲ್ಲಿ ಸಂಯುಕ್ತ ಅರಬ್ ಸಂಸ್ಥಾನವೂ ಸೇರಿತು. ಅಲ್ಲಿನ ಬ್ಯಾಂಕಿನ ಸಾಲ ಬಾಕಿ ಉಳಿಸಿ ಊರಿಗೆ ಮರಳಿದವರು, ಹೊಸದಾಗಿ ದಾವೆ ಹೂಡದೆಯೇ ಡಿಕ್ರಿ ತಮ್ಮ ಮನೆ ಬಾಗಿಲಿಗೆ ಬರಬಹುದೆಂಬುದನ್ನು ಅರಿತಿರಬೇಕು. ತೆರಿಗೆ, ದಂಡಗಳ ವಸೂಲಿಗೆ ಈ ಕಲಂ ಅನ್ವಯಿಸುವುದಿಲ್ಲ. ವಂಚನೆಯಿಂದ ಪಡೆದ ಅಥವಾ ಸಹಜ ನ್ಯಾಯಕ್ಕೆ ವಿರುದ್ಧವಾದ ಡಿಕ್ರಿಯನ್ನು 13ನೇ ಕಲಮಿನ ಆಧಾರದಲ್ಲಿ ವಿರೋಧಿಸಬಹುದು.

ರಾಷ್ಟ್ರಗಳ ನಡುವೆ

ರಾಜತಾಂತ್ರಿಕತೆಯಲ್ಲಿ ‘ರೆಸಿಪ್ರಾಸಿಟಿ’ ಒಂದು ಸ್ಥಾಪಿತ ತತ್ತ್ವ. ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾ ತನ್ನ ಪ್ರಜೆಗಳಿಂದ ವೀಸಾ ಕೇಳುತ್ತವೆ ಎಂಬ ಕಾರಣಕ್ಕೆ ಬ್ರೆಜಿಲ್ 2025ರ ಏಪ್ರಿಲ್ 10ರಿಂದ ಆ ದೇಶಗಳ ಪ್ರವಾಸಿಗರಿಗೂ ವೀಸಾ ಕಡ್ಡಾಯಗೊಳಿಸಿತು. ಇಲ್ಲಿ ಪದ ಯಥಾರ್ಥ. ಅವರು ಕೇಳಿದ್ದನ್ನೇ ಇವರೂ ಕೇಳಿದರು.

ಸುಂಕದ ವಿಷಯದಲ್ಲಿ ಚಿತ್ರ ಬೇರೆ. 1934ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಕಾಲದಲ್ಲಿ ಅಮೆರಿಕ ‘ರೆಸಿಪ್ರೊಕಲ್ ಟ್ರೇಡ್ ಅಗ್ರಿಮೆಂಟ್ಸ್ ಆ್ಯಕ್ಟ್’ ಜಾರಿಗೆ ತಂದಿತು. ನೀವು ಸುಂಕ ಇಳಿಸಿದರೆ ನಾವೂ ಇಳಿಸುತ್ತೇವೆ ಎಂಬುದು ಅದರ ಆಶಯ. 2025ರ ಘೋಷಣೆಯಲ್ಲಿ ಅದೇ ಪದ ಸುಂಕ ಏರಿಸುವುದಕ್ಕೆ ಬಳಕೆಯಾಯಿತು. ಅಷ್ಟೇ ಅಲ್ಲ, ಸುಂಕದ ದರವನ್ನು ಎದುರು ದೇಶ ನಿಜವಾಗಿ ವಿಧಿಸುತ್ತಿದ್ದ ಸುಂಕದಿಂದ ಲೆಕ್ಕ ಹಾಕಿರಲಿಲ್ಲ. ಆ ದೇಶದೊಂದಿಗಿನ ಸರಕು ವ್ಯಾಪಾರದ ಕೊರತೆಯನ್ನು ಅಲ್ಲಿಂದ ಬಂದ ಆಮದಿನ ಮೊತ್ತದಿಂದ ಭಾಗಿಸಿ, ಬಂದುದರ ಅರ್ಧವನ್ನು ದರವಾಗಿ ನಿಗದಿಪಡಿಸಲಾಯಿತು. ಕನಿಷ್ಠ ದರ ಶೇ. 10. ಕೊರತೆಯೇ ಇಲ್ಲದ ದೇಶಗಳಿಗೂ ಆ ಕನಿಷ್ಠ ದರ ಅನ್ವಯಿಸಿತು. ಎದುರಿನವರ ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬ ಅರ್ಥ ಇಲ್ಲಿ ಉಳಿಯಲಿಲ್ಲ ಎಂಬ ಟೀಕೆಯನ್ನು ಅನೇಕ ಅರ್ಥಶಾಸ್ತ್ರಜ್ಞರು ಮಾಡಿದರು.

ಋಣದ ಎಳೆ

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ಉಡುಗೊರೆ ಕುರಿತ ತಮ್ಮ ಪ್ರಬಂಧದಲ್ಲಿ ಮೂರು ಕರ್ತವ್ಯಗಳನ್ನು ಗುರುತಿಸಿದರು: ಕೊಡುವುದು, ಸ್ವೀಕರಿಸುವುದು, ಮರಳಿಸುವುದು. ಮರಳಿಸದಿದ್ದಲ್ಲಿ ಸಂಬಂಧದ ಎಳೆ ಕಡಿಯುತ್ತದೆ. ಆದರೂ ಪ್ರೀತಿಯ ವಿಷಯದಲ್ಲಿ ಮರಳಿಸುವುದು ಯಾರ ಮೇಲೂ ಹೊರಿಸಬಹುದಾದ ಹೊಣೆಯಲ್ಲ. ಒಬ್ಬರ ಒಲವನ್ನು ಇನ್ನೊಬ್ಬರು ರೆಸಿಪ್ರೊಕೇಟ್ ಮಾಡಲಿಲ್ಲ ಎಂಬ ವಾಕ್ಯ ಒಂದು ಸಂಗತಿಯನ್ನು ತಿಳಿಸುತ್ತದೆಯೇ ಹೊರತು ಅಪರಾಧವನ್ನು ಹೊರಿಸುವುದಿಲ್ಲ.

ಪದವನ್ನು ಬಳಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಎರಡು ಪಕ್ಷಗಳಿವೆಯೇ? ಮೊದಲು ಒಂದು ಕಡೆಯಿಂದ ಏನಾದರೂ ಬಂದಿದೆಯೇ? ಮರಳಿ ಹೋಗುತ್ತಿರುವುದು ಅದಕ್ಕೆ ಸಾಟಿಯಾದುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ‘ರೆಸಿಪ್ರೊಕೇಟ್’ ಎಂದು ನಿಸ್ಸಂಕೋಚವಾಗಿ ಬರೆಯಬಹುದು. ಒಂದಕ್ಕಾದರೂ ಅಲ್ಲವೆಂದಾದರೆ ಬೇರೆ ಪದವನ್ನು ಹುಡುಕಬೇಕು. ಬೇರೆಯವರು ಬರೆದಿದ್ದಲ್ಲಿ, ಅವರು ಹೇಳಹೊರಟಿದ್ದು ನಿಜಕ್ಕೂ ಏನೆಂದು ವಿಚಾರಿಸಬೇಕು.