ಡಿಸ್ನಿ ಲೋಕಕ್ಕೆ ಮೊದಲ ಪಯಣ: ಹಿರಿಯರ ಹೆಜ್ಜೆಗೆ ತಕ್ಕ ಯೋಜನೆ

ಮಗನೋ ಮಗಳೋ ಪರದೇಶದಲ್ಲಿಲ್ಲದ ಮನೆಯನ್ನು ನಮ್ಮ ಓಣಿಯಲ್ಲಿ ಈಗ ಹುಡುಕಬೇಕಾಗಿದೆ. ಮಕ್ಕಳು ಅಲ್ಲಿ ನೆಲೆ ನಿಂತ ಮೇಲೆ ತಂದೆ-ತಾಯಿಗಳು ಒಮ್ಮೆಯಾದರೂ ಹೋಗಿ ಬರುವುದು, ಮೊಮ್ಮಕ್ಕಳ ಶಾಲೆಯ ರಜೆಯಲ್ಲಿ ಅವರೊಡನೆ ನಾಲ್ಕಾರು ದಿನ ಎಲ್ಲಿಯಾದರೂ ತಿರುಗಾಡುವುದು ವಾಡಿಕೆಯಾಗಿದೆ. ಎಲ್ಲಿಗೆ ಹೋಗೋಣವೆಂದು ಮೊಮ್ಮಕ್ಕಳನ್ನು ಕೇಳಿದರೆ ಅವರ ಬಾಯಿಂದ ಬರುವ ಹೆಸರು ಒಂದೇ, ಡಿಸ್ನಿ. 2025ರ ಜೂನ್ ತಿಂಗಳಿನಲ್ಲಿ ಅಟ್ಲಾಂಟಾ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನನಗೂ ನಮ್ಮ ಮನೆಯವರಿಗೂ ಆ ಯೋಗ ಕೂಡಿಬಂದಿತು. ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗ, ಐದು ವರ್ಷದ ಮೊಮ್ಮಗಳು, ನಾವಿಬ್ಬರು, ಹೀಗೆ ಆರು ಜನ ಕಾರಿನಲ್ಲಿ ಏಳೆಂಟು ತಾಸು ಪ್ರಯಾಣಿಸಿ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ತಲುಪಿದೆವು.

ಹೋಗಿ ಬಂದವರು ಭಾವಚಿತ್ರಗಳನ್ನು ತೋರಿಸುತ್ತಾರೆ. ಯೋಜನೆ ಹೇಗೆ ಮಾಡಿದಿರಿ ಎಂದರೆ ‘ಎಲ್ಲಾ ಮಗನೇ ನೋಡಿಕೊಂಡ’ ಎಂದು ಮಾತು ಮುಗಿಸುತ್ತಾರೆ. ನಾವೂ ಹಾಗೆಯೇ ಮಗನಿಗೆ ಬಿಟ್ಟು ನಿಶ್ಚಿಂತರಾಗಿದ್ದೆವು. ಮೊದಲ ದಿನವೇ ಅದರ ಫಲವನ್ನು ಉಣ್ಣಬೇಕಾಯಿತು. ಈ ವರ್ಷ ಹೊರಡಲಿರುವ ಬಂಧುಗಳಿಗಾದರೂ ಉಪಯೋಗವಾಗಲೆಂದು ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ವಾಲ್ಟ್ ಡಿಸ್ನಿ ವರ್ಲ್ಡ್ ಎಂದರೆ ಒಂದು ದೊಡ್ಡ ಉದ್ಯಾನವೆಂದೇ ನಾನು ತಿಳಿದಿದ್ದೆ. ಅದು ಸುಮಾರು 25,000 ಎಕರೆ, ಅಂದರೆ ನೂರು ಚದರ ಕಿಲೋಮೀಟರಿನಷ್ಟು ಹರವಿನ ಒಂದು ಪ್ರಾಂತವೆಂಬುದು ಕಣ್ಣಾರೆ ಕಂಡಾಗಲೇ ಅರ್ಥವಾಯಿತು. ಅದರೊಳಗೆ ನಾಲ್ಕು ಬೇರೆ ಬೇರೆ ಉದ್ಯಾನಗಳಿವೆ. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್‌ಕಾಟ್, 1989ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಇವಲ್ಲದೆ ಎರಡು ಜಲೋದ್ಯಾನಗಳು, ಇಪ್ಪತ್ತೈದಕ್ಕೂ ಹೆಚ್ಚು ವಸತಿಗೃಹಗಳು, ಸರೋವರಗಳು, ಒಂದು ಕಡೆಯಿಂದ ಮತ್ತೊಂದು ಕಡೆಗೆ ಒಯ್ಯುವ ಬಸ್ಸು, ದೋಣಿ ಮತ್ತು ಒಂಟಿ ಹಳಿಯ ರೈಲು. ಒಂದು ಉದ್ಯಾನವನ್ನು ನೋಡಲು ಒಂದು ದಿನ ಸಾಲದು. ನಾಲ್ಕನ್ನೂ ನಾಲ್ಕು ದಿನದಲ್ಲಿ ಮುಗಿಸುತ್ತೇವೆಂದು ಹೊರಡುವವರು ನೋಡುವುದಕ್ಕಿಂತ ಓಡುವುದೇ ಹೆಚ್ಚು.

ಇಷ್ಟು ನೆಲ ಏಕೆ ಬೇಕಾಯಿತೆಂಬುದಕ್ಕೂ ಒಂದು ಕಥೆಯಿದೆ. ವಾಲ್ಟ್ ಡಿಸ್ನಿಯವರು 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಮೊದಲ ಉದ್ಯಾನ ಡಿಸ್ನಿಲ್ಯಾಂಡನ್ನು ತೆರೆದರು. ನೋಡುನೋಡುತ್ತಿದ್ದಂತೆ ಅದರ ಸುತ್ತಲೂ ಪರರ ವಸತಿಗೃಹಗಳೂ ಅಂಗಡಿಗಳೂ ಎದ್ದು ವಿಸ್ತರಣೆಗೆ ಜಾಗವೇ ಉಳಿಯಲಿಲ್ಲ. ಆದ್ದರಿಂದ ಫ್ಲಾರಿಡಾದಲ್ಲಿ ಬೆಲೆ ಏರಬಾರದೆಂದು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ನೆಲ ಕೊಂಡರು. 1965ರಲ್ಲಿ ಗುಟ್ಟು ಬಯಲಾಯಿತು. ಮರುವರ್ಷ ಡಿಸೆಂಬರಿನಲ್ಲಿ ವಾಲ್ಟ್ ತೀರಿಕೊಂಡರು. ನಿವೃತ್ತಿಯ ಅಂಚಿನಲ್ಲಿದ್ದ ಅವರ ಅಣ್ಣ ರಾಯ್ ಡಿಸ್ನಿ ಕೆಲಸವನ್ನು ಕೈಗೆತ್ತಿಕೊಂಡು 1971ರ ಅಕ್ಟೋಬರ್ 1ರಂದು ಮುಗಿಸಿ ತೆರೆದರು. ಬರೀ ‘ಡಿಸ್ನಿ ವರ್ಲ್ಡ್’ ಎಂದಿರಬೇಕಾಗಿದ್ದ ಹೆಸರಿಗೆ ತಮ್ಮನ ಪೂರ್ಣ ಹೆಸರು ಇರಲೇಬೇಕೆಂದು ಹಟ ಹಿಡಿದವರೂ ಅವರೇ. ಅದೇ ವರ್ಷದ ಡಿಸೆಂಬರಿನಲ್ಲಿ ಅವರೂ ಹೋದರು. ಅಲ್ಲಿ ಕಂಡ ಅದೆಷ್ಟೋ ಅದ್ಭುತಗಳಿಗಿಂತ ಈ ಅಣ್ಣ-ತಮ್ಮಂದಿರ ಸಂಗತಿಯೇ ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ನಿಂತಿದೆ.

ಇನ್ನು ನಮ್ಮ ಮೊದಲ ದಿನದ ವಿಚಾರ. ಮಗ ತಾಸು ತಾಸಿಗೆ ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿದ್ದ. ಆರು ಜನರಿಗೆ ಒಂದು ದಿನದ ಪ್ರವೇಶವೆಂದರೆ ಸಾವಿರ ಡಾಲರಿನ ಸಮೀಪ ಹೋಗುತ್ತದೆ. ಅಷ್ಟು ಹಣ ತೆತ್ತ ಮೇಲೆ ಒಂದು ಗಳಿಗೆಯೂ ವ್ಯರ್ಥವಾಗಬಾರದೆಂಬುದು ಅವನ ವಿಚಾರ. ತಪ್ಪೆನ್ನಲಾಗದು. ಆದರೆ ಆ ಪಟ್ಟಿಯಲ್ಲಿ ತಾಯಿಯ ಮೊಣಕಾಲು ಇರಲಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದವರು ವಾಹನ ನಿಲ್ಲಿಸಿ, ಟಿಕೆಟ್ ಕೇಂದ್ರಕ್ಕೆ ಬಂದು, ತಪಾಸಣೆ ಮುಗಿಸಿ, ಅಲ್ಲಿಂದ ಸರೋವರವನ್ನು ದೋಣಿಯಲ್ಲೋ ರೈಲಿನಲ್ಲೋ ದಾಟಿದ ಮೇಲಷ್ಟೇ ಮಹಾದ್ವಾರ. ಒಳಗೆ ಹೋಗಿ ಕೋಟೆಯ ಮುಂದೆ ನಿಲ್ಲುವಷ್ಟರಲ್ಲಿಯೇ ಅವಳಿಗೆ ಸಾಕಾಗಿತ್ತು. ಹನ್ನೊಂದು ಗಂಟೆಗೆ ಬಿಸಿಲು ಏರಿತು. ಸೊಸೆ ಒಳ್ಳೆಯ ಮನಸ್ಸಿನಿಂದಲೇ, “ಅತ್ತೀ, ನೀವು ಇಲ್ಲೇ ನೆರಳಾಗ ಕುಂದರ್ರಿ, ಒಂದ್ ತಾಸಿನ್ಯಾಗ ಬಂದ್ ಬಿಡ್ತೀವಿ” ಎಂದಳು. ನಾನು ಅಲ್ಲಿಯೇ ಉಳಿಯಬೇಕಾಗಿತ್ತು. ಮೊಮ್ಮಗ ಕೈ ಹಿಡಿದೆಳೆದ, ಹೋದೆ.

ಒಂದು ತಾಸು ಮೂರು ತಾಸಾಯಿತು. ಸ್ಪೇಸ್ ಮೌಂಟನ್ ಎಂಬ ಕತ್ತಲೆಯ ಓಟದ ಬಂಡಿಗೆ 112 ಸೆಂಟಿಮೀಟರ್ ಎತ್ತರವಿರಬೇಕು. ಅಳತೆಗೋಲಿನ ಮುಂದೆ ಮೊಮ್ಮಗಳು ನಾಲ್ಕು ಬೆರಳು ಕಡಿಮೆ ಬಿದ್ದು, ಅತ್ತು ರಂಪ ಮಾಡಿದಳು. ಅವಳನ್ನು ಸಮಾಧಾನಪಡಿಸಿ ಬೇರೊಂದು ಸಾಲಿನಲ್ಲಿ ನಿಂತೆವು. ಅಷ್ಟರಲ್ಲಿ ಗುಡುಗು ಮಿಂಚು ಶುರುವಾಗಿ ಬಯಲಿನ ಆಟಗಳನ್ನೆಲ್ಲ ನಿಲ್ಲಿಸಿಬಿಟ್ಟರು. ನಮ್ಮ ಮನೆಯವರ ಬಳಿ ಇದ್ದ ದೂರವಾಣಿ ಊರಿನದು, ಅಲ್ಲಿ ನಡೆಯುವಂತಿರಲಿಲ್ಲ. ಮಳೆಯಲ್ಲಿ ಓಡಿ ಬಂದು ನೋಡಿದರೆ ಒಂದು ಅಂಗಡಿಯ ಚಾವಣಿಯ ಕೆಳಗೆ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಮಕ್ಕಳ ಚೀಲಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಸಿಟ್ಟು ಮಾಡಲಿಲ್ಲ. “ನೀವೆಲ್ಲಾ ನೋಡ್ಕೊಂಡ್ ಬಂದ್ರಿಲ್ಲೋ, ಆತು ಬಿಡ್ರಿ” ಎಂದಷ್ಟೇ ಅಂದಳು. ಆ ರಾತ್ರಿ ಕೋಣೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಗ ತನ್ನ ಪಟ್ಟಿಯನ್ನು ತೆಗೆದು, “ಅವ್ವಾ, ಇದನ್ನ ಈಗ ನೀ ಹೇಳಿದಂಗ ಮಾಡೋಣು” ಎಂದು ಅವಳ ಮಗ್ಗುಲಿಗೆ ಕುಳಿತ.

ಅಂದು ತಿದ್ದಿದ ಯೋಜನೆಯನ್ನೇ ನಾನು ಎಲ್ಲರಿಗೂ ಹೇಳುವುದು. ಮೊಟ್ಟಮೊದಲು, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಯಾರೋ ಅವರ ಹೆಜ್ಜೆಯನ್ನು ಅಳತೆಯಾಗಿಟ್ಟುಕೊಂಡು ದಿನವನ್ನು ಕಟ್ಟಬೇಕು. ನಾಲ್ಕು ಉದ್ಯಾನಗಳಲ್ಲಿ ಒಂದನ್ನು ನಾವು ಕೈಬಿಟ್ಟೆವು. ನಾಲ್ಕು ದಿನದ ಟಿಕೆಟ್ಟನ್ನು ಏಳು ದಿನಗಳ ಅವಧಿಯಲ್ಲಿ ಬಳಸಬಹುದೆಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮರುದಿನ ಎಲ್ಲಿಯೂ ಹೋಗದೆ ವಸತಿಗೃಹದಲ್ಲಿಯೇ ಉಳಿದೆವು, ಮಕ್ಕಳು ಈಜುಕೊಳದಲ್ಲಿ ಆಡಿದರು. ಉಳಿದ ದಿನಗಳಲ್ಲಿ ಬೆಳಿಗ್ಗೆ ಬೇಗ ಹೋಗುವುದು, ಹನ್ನೆರಡಕ್ಕೆ ಕೋಣೆಗೆ ಮರಳಿ ಮಲಗುವುದು, ಬಿಸಿಲು-ಮಳೆ ಕಳೆದ ಮೇಲೆ ಸಂಜೆ ಮತ್ತೆ ಹೋಗುವುದು ಎಂದಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಧ್ಯಾಹ್ನದ ಗುಡುಗು ಮಳೆ ನಿತ್ಯದ ಮಾತು. ಡಿಸ್ನಿ ಪ್ರಾಂತದೊಳಗಿನ ವಸತಿಗೃಹಗಳು ತುಟ್ಟಿಯಾದರೂ ಹೀಗೆ ನಡುಹಗಲಿಗೆ ಮರಳಿ ಬರಲು ಅನುಕೂಲ. ಅಲ್ಲಿ ತಂಗಿದವರನ್ನು ಬೆಳಿಗ್ಗೆ ಅರ್ಧ ತಾಸು ಮೊದಲು ಒಳಗೆ ಬಿಡುವ ಸೌಲಭ್ಯವೂ ಇದೆ. ಶಾಲೆಯ ರಜೆಯ ಕಟ್ಟುಪಾಡು ಇಲ್ಲದವರು ಜನವರಿಯ ನಡುವಿನಲ್ಲಿ ಹೋಗುವುದು ಲೇಸು. ಟಿಕೆಟ್ಟಿನ ಬೆಲೆ ದಿನದಿಂದ ದಿನಕ್ಕೆ ಬೇರೆ, ಕ್ರಿಸ್‌ಮಸ್ಸಿನ ವಾರದಲ್ಲಂತೂ ಅತಿ ಹೆಚ್ಚು. ಮೂರು ವರ್ಷದೊಳಗಿನ ಕೂಸಿಗೆ ಟಿಕೆಟ್ಟಿಲ್ಲ. ಹತ್ತು ತುಂಬಿದರೆ ದೊಡ್ಡವರ ಲೆಕ್ಕ.

ಸಾಲುಗಳ ವಿಚಾರ. ಮೊದಲು ಉಚಿತವಾಗಿದ್ದ ಮುಂಗಡ ಸಾಲಿನ ವ್ಯವಸ್ಥೆ 2021ರಲ್ಲಿ ಹಣದ ವ್ಯವಸ್ಥೆಯಾಯಿತು. ಲೈಟ್ನಿಂಗ್ ಲೇನ್ ಎಂಬುದು ಅದರ ಹೆಸರು. ಒಳಗಿನ ವಸತಿಗೃಹಗಳಲ್ಲಿ ತಂಗುವವರು ಏಳು ದಿನ ಮೊದಲು, ಹೊರಗಿನವರು ಮೂರು ದಿನ ಮೊದಲು ಅದನ್ನು ಕಾದಿರಿಸಬಹುದು. ಮಕ್ಕಳು ಬಯಸುವ ಎರಡು ಮೂರು ಆಟಗಳಿಗಾಗಿ ಒಂದು ದಿನ ಕೊಂಡರೆ ಸಾಕು, ಎಲ್ಲ ದಿನವೂ ಬೇಡ. ಇನ್ನೊಂದು ಸೌಲಭ್ಯ ಖರ್ಚಿಲ್ಲದ್ದು. ಎತ್ತರ ಸಾಲದ ಮಗುವಿನೊಡನೆ ತಂದೆ-ತಾಯಿಗಳಲ್ಲಿ ಒಬ್ಬರು ಹೊರಗೆ ಉಳಿದರೆ, ಮತ್ತೊಬ್ಬರು ಆಡಿ ಬಂದ ಮೇಲೆ ಅವರು ಪುನಃ ಉದ್ದ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ಬಾಗಿಲಲ್ಲಿರುವ ಸಿಬ್ಬಂದಿಗೆ ಮೊದಲೇ ಹೇಳಬೇಕು. ಮಗುವಿನ ಎತ್ತರವನ್ನು ಮನೆಯ ಗೋಡೆಗೆ ನಿಲ್ಲಿಸಿ ಅಳೆದೇ ಹೊರಡಿರಿ. ಅಲ್ಲಿ ಹೋಗಿ ಅಳಿಸುವುದಕ್ಕಿಂತ ಇಲ್ಲಿಯೇ ಒಪ್ಪಿಸುವುದು ಸುಲಭ.

ಆಹಾರದ ಚಿಂತೆ ನಮ್ಮ ಮನೆಗಳಿಗೆ ಎಲ್ಲಕ್ಕಿಂತ ದೊಡ್ಡದು. ಸಂತೋಷದ ಸಂಗತಿಯೆಂದರೆ, ಬಿಸಿ ಮಾಡಬೇಕಾಗಿಲ್ಲದ ಮನೆಯ ಬುತ್ತಿಯನ್ನು ಒಳಗೆ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆ ಮಾತ್ರ ಸಲ್ಲದು. ಧಾರವಾಡದಿಂದ ಒಯ್ದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳು ಕೋಟೆಯ ನೆರಳಿನಲ್ಲಿ ಖರ್ಚಾದವು. ಅಮೆರಿಕೆಯ ವಿಮಾನ ನಿಲ್ದಾಣದಲ್ಲಿ ಇಂಥ ತಿನಿಸುಗಳೆಲ್ಲವನ್ನೂ ಮುಚ್ಚಿಡದೆ ಘೋಷಿಸಬೇಕು, ಹಸಿ ಹಣ್ಣು-ತರಕಾರಿ ಒಯ್ಯಲೇಬಾರದು. ಉದ್ಯಾನಗಳ ಉಪಾಹಾರಗೃಹಗಳಲ್ಲಿ ‘ಸಸ್ಯಾಹಾರ’ವೆಂದರೆ ಮೊಟ್ಟೆ ಇರಬಹುದು, ಮಕ್ಕಳು ಬಯಸುವ ಮಾರ್ಷ್‌ಮೆಲ್ಲೊ ಎಂಬ ಮೆತ್ತನೆಯ ಮಿಠಾಯಿಯಲ್ಲಿ ಪ್ರಾಣಿಜನ್ಯ ಜಿಲೆಟಿನ್ ಇರುತ್ತದೆ. ಆದರೆ 2019ರಿಂದ ಊಟದ ಪಟ್ಟಿಯಲ್ಲಿ ಹಸಿರು ಎಲೆಯ ಗುರುತು ಬಂದಿದೆ. ಅದಿದ್ದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲವೆಂದು ನಂಬಬಹುದು. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ವಸತಿಗೃಹದಲ್ಲಿ ಸನಾ ಎಂಬ ಊಟದ ಮನೆಯಿದೆ. ಆಫ್ರಿಕ ಮತ್ತು ಭಾರತದ ರುಚಿಗಳ ಬೆರಕೆ. ನಾನ್ ರೊಟ್ಟಿ, ಬಗೆಬಗೆಯ ಚಟ್ನಿಗಳು. ಉಣ್ಣುತ್ತ ಕಿಟಕಿಯಾಚೆ ಜಿರಾಫೆಗಳನ್ನು ನೋಡಬಹುದು. ಅರವತ್ತು ದಿನ ಮೊದಲೇ ಕಾದಿರಿಸಲು ಅವಕಾಶವಿದೆ. ಕುಡಿಯುವ ನೀರನ್ನು ಕೊಳ್ಳುವ ಅಗತ್ಯವಿಲ್ಲ, ತಿಂಡಿಯ ಕೌಂಟರಿನಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಇದು ತಿಳಿಯದೆ ಮೊದಲ ದಿನ ನೀರಿಗೇ ಎಷ್ಟು ಡಾಲರು ಚೆಲ್ಲಿದೆವೋ!

ಬೆಳಗಿನ ಇಷ್ಟಲಿಂಗ ಪೂಜೆಗೂ ವೇಳೆ ತೆಗೆದಿಡಬೇಕು. ಆರು ಜನಕ್ಕೆ ಒಂದೇ ಸ್ನಾನದ ಕೋಣೆಯಾದರೆ ಹಿರಿಯರು ನಸುಕಿನಲ್ಲಿಯೇ ಏಳುವುದು ಒಳಿತು. ಬೆಳ್ಳಿಯ ಕರಡಿಗೆ ಧರಿಸಿದವರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗಾಬರಿಯಾಗಬೇಕಿಲ್ಲ. ಇದು ಧಾರ್ಮಿಕ ವಸ್ತುವೆಂದು ಹೇಳಿ, ಬೇಕೆಂದರೆ ಪ್ರತ್ಯೇಕ ಕೋಣೆಯಲ್ಲಿ ಪರಿಶೀಲಿಸಲು ಕೇಳಿಕೊಳ್ಳಬಹುದು.

ಗಾಲಿಕುರ್ಚಿಯನ್ನು ಪ್ರತಿ ಉದ್ಯಾನದ ಬಾಗಿಲಲ್ಲಿ ಬಾಡಿಗೆಗೆ ಕೊಡುತ್ತಾರೆ. ಎಪ್‌ಕಾಟ್‌ನಲ್ಲಿ ಅದನ್ನು ಕಂಡ ಕೂಡಲೇ, “ನಾ ಏನ್ ದವಾಖಾನಿಗೆ ಬಂದೀನೇನು?” ಎಂದು ನಮ್ಮ ಮನೆಯವರು ಮುಖ ತಿರುಗಿಸಿದರು. ನಾವೆಲ್ಲ ಹೇಳಿ ಸೋತ ಮೇಲೆ ಮೊಮ್ಮಗ, “ಆಯಿ, ನೀ ಕುಂತ್ರ ನಾ ದೂಡ್ತೀನಿ. ನನಗೂ ಒಂದು ಆಟ ಆಕ್ಕೈತಿ” ಎಂದ. ಕುಳಿತಳು. ಕುರ್ಚಿಯಿದ್ದ ಮಾತ್ರಕ್ಕೆ ಸಾಲು ತಪ್ಪುವುದಿಲ್ಲ, ಆದರೆ ಸಾಲಿನಲ್ಲಿ ಕುಳಿತೇ ಇರಬಹುದು. ಮೊದಲ ಸಲ ಬಂದವರಿಗೆಂದು ಕೇಳಿದವರಿಗೆಲ್ಲ ಒಂದು ಗುಂಡನೆಯ ಬಿಲ್ಲೆಯನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಅವಳನ್ನು ಕಂಡ ಸಿಬ್ಬಂದಿಯವರೆಲ್ಲ ನಕ್ಕು ಸ್ವಾಗತಿಸುತ್ತಿದ್ದರು. ಭಾಷೆ ತಿಳಿಯದಿದ್ದರೂ ಅವಳು ಪ್ರತಿಯೊಬ್ಬರಿಗೂ ಕೈಮುಗಿದಳು.

ಅಲ್ಲಿ ಲಿವಿಂಗ್ ವಿತ್ ದಿ ಲ್ಯಾಂಡ್ ಎಂಬ ದೋಣಿಯ ಪಯಣವಿದೆ. ಎತ್ತರದ ಕಟ್ಟುಪಾಡಿಲ್ಲ, ಕುಲುಕಾಟವಿಲ್ಲ. ದೋಣಿ ಗಾಜಿನ ಮನೆಗಳೊಳಗೆ ತೇಲುತ್ತದೆ, ಎರಡೂ ಕಡೆ ಮಣ್ಣಿಲ್ಲದೆ ಬೆಳೆದ ಕಾಯಿಪಲ್ಲೆ. 2005–06ರಲ್ಲಿ ಇಲ್ಲಿಯ ಒಂದೇ ಟೊಮ್ಯಾಟೊ ಗಿಡದಿಂದ 32,000ಕ್ಕೂ ಹೆಚ್ಚು ಹಣ್ಣುಗಳನ್ನು ಬಿಡಿಸಿದ್ದರಂತೆ. ಬೆಳೆದುದನ್ನು ಅಲ್ಲಿಯ ಊಟದ ಮನೆಗಳಲ್ಲಿ ಬಳಸುತ್ತಾರೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಅವಳು ಆ ಬಳ್ಳಿಗಳನ್ನು ನೋಡಿ ಬೆರಗಾದಳು, ಗೊಬ್ಬರವನ್ನು ನೀರಿನಲ್ಲಿಯೇ ಹೇಗೆ ಉಣಿಸುತ್ತಾರೆಂದು ಮಗನನ್ನು ಹತ್ತು ಸಲ ಕೇಳಿದಳು. ನಾವು ಎರಡು ಸಲ ಹೋದೆವು. ಅದೇ ಉದ್ಯಾನದಲ್ಲಿ ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಭಾರತವೆಲ್ಲಿ ಎಂದು ಮೊಮ್ಮಗ ಹುಡುಕಿದ, ಇಲ್ಲ. ಅದು ಮತ್ತೊಂದು ದಿನ ಅನಿಮಲ್ ಕಿಂಗ್‌ಡಮ್‌ನಲ್ಲಿ ಸಿಕ್ಕಿತೆನ್ನಬಹುದು. ಅಲ್ಲಿಯ ಏಷ್ಯಾ ವಿಭಾಗದ ಕಾಲ್ಪನಿಕ ಊರಿನ ಹೆಸರು ಆನಂದಪುರ. ನಮ್ಮ ಸಾಗರ ತಾಲ್ಲೂಕಿನ ಆನಂದಪುರ ನೆನಪಾಗಿ ಇಬ್ಬರೂ ನಕ್ಕೆವು. ಮಕ್ಕಳು ಕುಲುಕುವ ಲಾರಿಯಲ್ಲಿ ಪ್ರಾಣಿಗಳನ್ನು ನೋಡಲು ಹೋದಾಗ, ಈ ಸಲ ನಾನು ಅವಳೊಡನೆಯೇ ಉಳಿದು, ಕುರ್ಚಿಯನ್ನು ದೂಡುತ್ತ ಹುಲಿಗಳಿರುವ ಕಾಡುದಾರಿಯಲ್ಲಿ ಸುತ್ತಿ ಬಂದೆ.

ಕೊನೆಯ ಟಿಕೆಟ್ಟನ್ನು ಮತ್ತೆ ಮ್ಯಾಜಿಕ್ ಕಿಂಗ್‌ಡಮ್‌ಗೇ ಬಳಸಿದೆವು, ಅವಳಿಗಾಗಿ. ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಎಂಬ ರಂಗಮಂದಿರದಲ್ಲಿ ಪ್ರೇಕ್ಷಕರು ಕುಳಿತ ಆಸನಗಳೇ ತಿರುಗುತ್ತವೆ. ಒಂದು ಮನೆಯೊಳಗೆ ವಿದ್ಯುತ್ತು ಬಂದು ಅಡುಗೆಮನೆ ಹೇಗೆ ಬದಲಾಯಿತೆಂಬುದನ್ನು ಮಾತನಾಡುವ ಬೊಂಬೆಗಳು ಇಪ್ಪತ್ತು ನಿಮಿಷ ತೋರಿಸುತ್ತವೆ. ತಂಪಾದ ಜಾಗ, ಹಿರಿಯರಿಗೆ ಹೇಳಿ ಮಾಡಿಸಿದ್ದು. ರಾತ್ರಿಯ ಬಾಣಬಿರುಸುಗಳನ್ನು ಕೋಟೆಯ ಮುಂದಿನ ನೂಕುನುಗ್ಗಲಿನಲ್ಲಿ ನಿಂತು ನೋಡದೆ, ಸರೋವರದ ಈಚೆಯ ದಂಡೆಯಿಂದ, ಎಲ್ಲರೂ ಒಟ್ಟಿಗೆ ಕುಳಿತು ನೋಡಿದೆವು.

ನಾವು ಊರಿಗೆ ಮರಳುವ ಮುನ್ನ ಮಗ ಮನೆಯ ಗೋಡೆಯ ಮೇಲೆ 112 ಸೆಂಟಿಮೀಟರಿಗೆ ಒಂದು ಗೆರೆ ಎಳೆದ. ಪ್ರತಿ ರವಿವಾರ ದೂರವಾಣಿಯ ಪರದೆಯ ಮೇಲೆ ಮೊಮ್ಮಗಳು ಆ ಗೆರೆಗೆ ತಲೆ ತಾಗಿಸಿ ನಿಲ್ಲುತ್ತಾಳೆ. “ಆಯಿ, ಇನ್ನೂ ಎರಡು ಬೆರಳು” ಎಂದು ಮೊನ್ನೆ ಹೇಳಿದಳು. ಆಯಿ ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, “ಲಗೂ ಬೆಳಿಯವ್ವಾ, ನಾನೂ ಬರ್ತೀನಿ” ಎಂದಳು.