ಕ್ರಂಚ್ ಎಂಬ ಬಿಟ್ಟಿ ಚಾಕರಿ

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಹತ್ತರವರೆಗೆ ಕೂರಬೇಕು. ಭಾನುವಾರವೂ ಬಿಡುವಿಲ್ಲ. ಅಪರೂಪಕ್ಕೊಮ್ಮೆ ಶನಿವಾರ ಸಂಜೆ ಆರೂವರೆಗೇ ಬಿಟ್ಟರೆ ಅದೇ ದೊಡ್ಡ ಉಪಕಾರ. ಕ್ಯಾಲಿಫೋರ್ನಿಯಾದ ವಿಡಿಯೊ ಗೇಮ್ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್‌ (ಇಎ)ನಲ್ಲಿ ದುಡಿಯುತ್ತಿದ್ದ ತಮ್ಮ ಭಾವಿ ಪತಿಯ ಈ ದಿನಚರಿಯನ್ನು ಎರಿನ್ ಹಾಫ್‌ಮನ್ 2004ರ ನವೆಂಬರ್‌ನಲ್ಲಿ ಅಂತರಜಾಲದಲ್ಲಿ ಬಯಲಿಗೆಳೆದರು. ಆಗ ಹೆಸರು ಹೇಳಿಕೊಂಡಿರಲಿಲ್ಲ. ‘ಇಎ ಸ್ಪೌಸ್’ ಎಂದಷ್ಟೇ ಇತ್ತು. ವಾರಕ್ಕೆ ಸುಮಾರು 85 ಗಂಟೆ ದುಡಿತ. ಓಟಿ ದುಡ್ಡಿಲ್ಲ, ಬದಲಿ ರಜೆಯೂ ಇಲ್ಲ.

ಗೇಮ್ ತಯಾರಕರ ಬಾಯಲ್ಲಿ ಇದು ‘ಕ್ರಂಚ್’. ಬಿಡುಗಡೆಯ ದಿನ ಹತ್ತಿರ ಬಂತು, ಕೆಲಸ ಮುಗಿದಿಲ್ಲ, ಕೊನೆಯ ಕೆಲವು ವಾರ ಹಲ್ಲುಕಚ್ಚಿ ದುಡಿಯೋಣ ಎಂಬುದು ಮಾಮೂಲಿ ಸಮಜಾಯಿಷಿ. ಹಾಫ್‌ಮನ್ ಬರೆದದ್ದು ನಾಟಿದ್ದು ಇಲ್ಲಿಯೇ. ಕೆಲಸ ಹಿಂದೆ ಬಿದ್ದಿರಲೇ ಇಲ್ಲ. ಆದರೂ ಮೊದಲು ದಿನಕ್ಕೆ ಎಂಟು ಗಂಟೆಯಂತೆ ವಾರಕ್ಕೆ ಆರು ದಿನ, ಆಮೇಲೆ ಹನ್ನೆರಡು ಗಂಟೆ, ಕೊನೆಗೆ ಏಳೂ ದಿನ. ತುರ್ತು ಎಂದು ಕರೆದದ್ದು ಅಸಲಿಗೆ ಯೋಜನೆಯ ಭಾಗವೇ ಆಗಿತ್ತು. ಪುಕ್ಕಟೆ ಸಿಗುವ ಗಂಟೆಗಳನ್ನು ಲೆಕ್ಕ ಇಡುವವರಾದರೂ ಯಾರು?

ಲೆಕ್ಕ ಹಾಕಿಸಿದ್ದು ಕೋರ್ಟು. ಇಎ ಮೇಲೆ ಅಲ್ಲಿನ ಕಲಾವಿದರು ಹೂಡಿದ್ದ ದಾವೆ 2005ರಲ್ಲಿ 1.56 ಕೋಟಿ ಡಾಲರ್‌ಗೆ, ಪ್ರೋಗ್ರಾಮರ್‌ಗಳ ದಾವೆ ಮರುವರ್ಷ 1.49 ಕೋಟಿ ಡಾಲರ್‌ಗೆ ರಾಜಿಯಾದವು. ಕಂಪನಿ ಒಂದಷ್ಟು ನೌಕರರನ್ನು ಓಟಿಗೆ ಅರ್ಹರಾದವರ ಪಟ್ಟಿಗೆ ಸೇರಿಸಿತು.

ದುಡ್ಡು ಕೊಟ್ಟರೆ ಎಲ್ಲ ಸರಿಹೋಯಿತೇ? ಅದೂ ಇಲ್ಲ. ಕಡ್ಡಾಯ ಕ್ರಂಚ್ ಮಾಡಿಸುವುದಿಲ್ಲವೆಂದು ಮಾತು ಕೊಟ್ಟಿದ್ದ ಪೋಲೆಂಡಿನ ಗೇಮ್ ಕಂಪನಿ ಸಿಡಿ ಪ್ರೊಜೆಕ್ಟ್ ರೆಡ್, 2020ರಲ್ಲಿ ‘ಸೈಬರ್‌ಪಂಕ್ 2077’ಗಾಗಿ ವಾರಕ್ಕೆ ಆರು ದಿನ ದುಡಿಸಿತು, ಓಟಿ ಕೊಟ್ಟೇ. ಡಿಸೆಂಬರ್ 10ಕ್ಕೆ ಬಿಡುಗಡೆಯಾದ ಆಟದಲ್ಲಿ ಎಷ್ಟು ದೋಷಗಳಿದ್ದವೆಂದರೆ, ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಎಲ್ಲ ದೋಷವೂ ದಣಿವಿನದ್ದೆನ್ನಲಾಗದು. ಆದರೆ ಬಲಿಕೊಟ್ಟ ವಾರಾಂತ್ಯಗಳು ಆಟವನ್ನು ಉಳಿಸಲಿಲ್ಲವೆಂಬುದು ಖರೆ.

ಬೆಂಗಳೂರಿಗೂ ಈ ಉದ್ಯಮ ಹೊಸದಲ್ಲ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡು, ನಗರದ ತನ್ನ ಸ್ಟುಡಿಯೊ ಜೊತೆ ಸೇರಿಸಿಕೊಂಡಿತು. ಇದೇ ನಗರದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮುಂದೆ ನಿಂತವರಿಗೆ ಕಾನೂನಿನಂತೆ ಓಟಿಗೆ ದುಪ್ಪಟ್ಟು ಕೂಲಿ ಸಿಗಬೇಕು. ಕೊಡದ ಮಾಲೀಕರೂ ಇದ್ದಾರೆ, ಆದರೆ ಕೇಳಲು ಒಂದು ಆಧಾರವಾದರೂ ಇದೆ. ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಸಾಮಾನ್ಯವಾಗಿ ದಕ್ಕುವುದು ರಾತ್ರಿಯ ಪಿಜ್ಜಾ, ಮನೆಗೆ ಕ್ಯಾಬ್. 2024ರಲ್ಲಿ ಐಟಿಯವರ ದುಡಿಮೆಯನ್ನು ದಿನಕ್ಕೆ 14 ಗಂಟೆವರೆಗೆ ಏರಿಸುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕಿಟು ಪ್ರತಿಭಟನೆಗಿಳಿಯಿತು.