ಚಾಳೀಸಿನ ವಯಸ್ಸಿಗೆ ಕಣ್ಣಿನ ನರವನ್ನೂ ತೋರಿಸಿ

ಬಿಳಿ ಹಾಳೆಯ ಎಡಭಾಗದಲ್ಲಿ ಚಿಕ್ಕದೊಂದು ಗುಣಾಕಾರದ ಗುರುತು ಹಾಕಿ. ಅದರಿಂದ ಬಲಕ್ಕೆ ಸುಮಾರು 8 ಸೆಂಟಿಮೀಟರ್ ದೂರದಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಚುಕ್ಕೆ ಇಡಿ. ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಿಂದ ಆ ಗುರುತನ್ನೇ ನೋಡುತ್ತ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಮುಖದಿಂದ ಒಂದಡಿಯಷ್ಟು ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಅದಿದ್ದ ಜಾಗದಲ್ಲಿ ಕಪ್ಪು ಗುಂಡಿಯೇನೂ ಕಾಣದು, ಬರೀ ಬಿಳಿ ಹಾಳೆ ಕಾಣುತ್ತದೆ. ಕಣ್ಣಿನ ಹಿಂಭಾಗದಲ್ಲಿ ನರ ಹೊರಡುವ ಜಾಗಕ್ಕೆ ಬೆಳಕು ಹಿಡಿಯುವ ಶಕ್ತಿ ಇಲ್ಲ. ಅಲ್ಲಿನ ಕೊರತೆಯನ್ನು ಮಿದುಳು ಸುತ್ತಲಿನ ಬಣ್ಣದಿಂದಲೇ ತುಂಬಿಬಿಡುತ್ತದೆ. ಫ್ರಾನ್ಸಿನ ಎಡ್ಮೆ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ಕಂಡು ಹೇಳುವವರೆಗೆ, ಪ್ರತಿಯೊಬ್ಬರ ಕಣ್ಣಲ್ಲೂ ಇಂಥದೊಂದು ಕುರುಡು ಜಾಗ ಇದೆ ಎಂಬುದೇ ಲೋಕಕ್ಕೆ ಗೊತ್ತಿರಲಿಲ್ಲ.

ಮಿದುಳಿನ ಈ ಉಪಕಾರವೇ ಗ್ಲಾಕೋಮಾ ರೋಗಕ್ಕೆ ಮರೆಯಾಗುತ್ತದೆ. ಕಣ್ಣಿನ ನರದಲ್ಲಿ 10 ಲಕ್ಷಕ್ಕೂ ಮಿಕ್ಕಿ ತಂತುಗಳಿವೆ. ಗ್ಲಾಕೋಮಾದಲ್ಲಿ ಅವು ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತವೆ. ನೋಟ ಮೊದಲು ಹೋಗುವುದು ಬದಿಗಳಲ್ಲಿ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ಕಾಣಿಸುತ್ತದೆ, ಉಳಿದ ಕೊರತೆಯನ್ನು ಮಿದುಳು ಮುಚ್ಚುತ್ತದೆ. ಈ ರೋಗವನ್ನು ವಿವರಿಸುವ ಚಿತ್ರಗಳಲ್ಲಿ ಸುತ್ತ ಕಪ್ಪು, ನಡುವೆ ಬೆಳಕು ಇರುವ ಸುರಂಗವನ್ನು ತೋರಿಸುತ್ತಾರೆ. ರೋಗಿಗಳನ್ನೇ ಕೇಳಿದರೆ ಬಹುತೇಕರು ಕಪ್ಪು ಕಂಡಿತು ಎನ್ನುವುದಿಲ್ಲ. ಕೆಲವು ಕಡೆ ಮಸುಕು, ಕೆಲವು ಕಡೆ ವಸ್ತುವೇ ಇಲ್ಲ ಎನ್ನುತ್ತಾರೆ. ಪಕ್ಕದ ಓಣಿಯಿಂದ ಬಂದ ಸ್ಕೂಟರ್ ಕಾಣಿಸಲೇ ಇಲ್ಲ, ಕೆಳಗಿನ ಮೆಟ್ಟಿಲು ತಪ್ಪಿತು ಎಂಬ ಮಾತುಗಳಲ್ಲಿ ಅದು ಹೊರಬೀಳುತ್ತದೆ. ನಡುವಿನ ನೋಟ ಮಾತ್ರ ಬಹುಕಾಲ ಉಳಿದಿರುವುದರಿಂದ ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನೂ ಅವರು ಸಲೀಸಾಗಿ ಓದುತ್ತಾರೆ. ಅಕ್ಷರ ಓದಿ ಕನ್ನಡಕದ ನಂಬರು ಪಡೆದು ಬಂದವರು ಕಣ್ಣು ಪರೀಕ್ಷೆ ಆಯಿತೆಂದು ನಂಬಿರುತ್ತಾರೆ. ಆ ನಂಬಿಕೆ ಬದಲಾಗಬೇಕು.

ನರವೇಕೆ ಸಾಯುತ್ತದೆ? ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಊರುತ್ತಿರುತ್ತದೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ನಿಮಿಷಕ್ಕೆ 2ರಿಂದ 3 ಮೈಕ್ರೋಲೀಟರ್‌ನಷ್ಟು, ಅಂದರೆ ಒಂದು ಹನಿಯಲ್ಲಿ ತೀರಾ ಸಣ್ಣ ಪಾಲು. ಅದು ಪಾಪೆಯ ಮೂಲಕ ಮುಂದೆ ಬಂದು, ಕಪ್ಪುಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜಾಲರಿಯಂಥ ಅಂಗಾಂಶದೊಳಗೆ ಇಳಿದು ರಕ್ತಕ್ಕೆ ಸೇರುತ್ತದೆ. ಕೆರೆಗೆ ನೀರು ಬರುತ್ತಲೇ ಇದ್ದು ತೂಬಿನಲ್ಲಿ ಹೂಳು ತುಂಬಿದರೆ ಏರಿಯ ಮೇಲೆ ಭಾರ ಬೀಳುವಂತೆ, ಜಾಲರಿ ಕಟ್ಟಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ನರದ ಬುಡ ನಲುಗುತ್ತದೆ. ಸಾಮಾನ್ಯವಾಗಿ ಈ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಇರುತ್ತದೆ. ಬಿಪಿ ಮಾತ್ರೆ ನುಂಗುತ್ತಿದ್ದೇನೆ, ಕಣ್ಣಿನ ಪ್ರೆಷರ್ ಕೂಡ ಹಿಡಿತದಲ್ಲಿರುತ್ತದೆ ಎಂದುಕೊಳ್ಳಬೇಡಿ. ಅವೆರಡೂ ಬೇರೆ ಬೇರೆ.

ಆದರೆ 21 ಎಂಬುದು ಲಕ್ಷ್ಮಣರೇಖೆಯಲ್ಲ. ಒತ್ತಡ 15ರಲ್ಲಿದ್ದೂ ನರ ಸವೆಯುವವರಿದ್ದಾರೆ, 24 ಇದ್ದೂ ಏನೂ ಆಗದವರಿದ್ದಾರೆ. ಆದ್ದರಿಂದ ನರವನ್ನೇ ಕಣ್ಣಾರೆ ನೋಡಬೇಕು. ಬದುಕಿರುವ ಮನುಷ್ಯನ ಕಣ್ಣಿನ ತಳ ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೋಕದ ಮುಂದಿಟ್ಟದ್ದು 1851ರಲ್ಲಿ. ಅದರ ನಂತರವೇ, ಗ್ಲಾಕೋಮಾ ಇರುವವರ ನರದ ತಲೆ ಬಟ್ಟಲಿನಂತೆ ಗುಳಿಬಿದ್ದಿರುತ್ತದೆ ಎಂಬುದು ವೈದ್ಯರಿಗೆ ಕಂಡದ್ದು. ಇಂದು ಓಸಿಟಿ ಸ್ಕ್ಯಾನ್ ಆ ತಂತುಗಳ ಪದರದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಬದಿಯ ನೋಟ ಎಷ್ಟಿದೆ ಎಂದು ಫೀಲ್ಡ್ ಟೆಸ್ಟ್ ಹೇಳುತ್ತದೆ. ಆ ಟೆಸ್ಟ್‌ನಲ್ಲಿ ದೋಷ ಕಾಣುವ ಹೊತ್ತಿಗೆ ಅನೇಕರಲ್ಲಿ ನಾಲ್ಕನೇ ಒಂದು ಪಾಲು ತಂತುಗಳು ಆಗಲೇ ಸತ್ತಿರುತ್ತವೆ.

ಸತ್ತ ತಂತು ಮತ್ತೆ ಹುಟ್ಟುವುದಿಲ್ಲ. ನಮ್ಮ ಹಳ್ಳಿ-ಪೇಟೆಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿದೆ, ಏಕೆಂದರೆ ಕಣ್ಣಿನ ಕಾಯಿಲೆ ಎಂದರೆ ನಮಗೆ ನೆನಪಾಗುವುದು ಪೊರೆ. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಪೊರೆ ತೆಗೆದ ಕಾಲದಿಂದ ಕರ್ನಾಟಕದ ಮನೆಮನೆಗೂ ಒಂದು ಭರವಸೆ ಬಂದಿದೆ: ಕಣ್ಣು ಮಂಜಾದರೂ ಆಪರೇಶನ್ ಮಾಡಿಸಿದರೆ ನೋಟ ಮರಳುತ್ತದೆ. ಪೊರೆಯ ಮಟ್ಟಿಗೆ ಅದು ಸತ್ಯ. ‘ಪೊರೆ ಇನ್ನೂ ಬಲಿಯಲಿ’ ಎಂದು ಕಾಯುವ ಅಭ್ಯಾಸವೂ ಅದರ ಜೊತೆಗೇ ಉಳಿಯಿತು. ಗ್ಲಾಕೋಮಾ ಇರುವ ಅಜ್ಜನೊಬ್ಬ ಹೀಗೆ ಎರಡು ವರ್ಷ ಕಾದರೆ, ಕಾದಷ್ಟು ಕಾಲದ ನೋಟ ಹೋದದ್ದೇ. ಪೊರೆಯೂ ಗ್ಲಾಕೋಮಾವೂ ಒಂದೇ ಕಣ್ಣಲ್ಲಿ ಇರಬಹುದು. ಆಗ ಪೊರೆ ತೆಗೆಸಿದರೂ ಪೂರ್ತಿ ನೋಟ ಬರುವುದಿಲ್ಲ, ಮನೆಯವರು ಆಪರೇಶನ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಭಾರತದಲ್ಲಿ 40 ದಾಟಿದವರಲ್ಲಿ 1 ಕೋಟಿಗೂ ಹೆಚ್ಚು ಜನರಿಗೆ ಈ ರೋಗವಿದೆ ಎಂಬ ಅಂದಾಜಿದೆ. ಆಂಧ್ರಪ್ರದೇಶದಲ್ಲಿ, ತಮಿಳುನಾಡಿನಲ್ಲಿ ಊರೂರು ಸುತ್ತಿ ಪರೀಕ್ಷಿಸಿದ ದೊಡ್ಡ ಸಮೀಕ್ಷೆಗಳಲ್ಲಿ, ಗ್ಲಾಕೋಮಾ ಕಂಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದು ಇದೆ ಎಂಬುದೇ ತಿಳಿದಿರಲಿಲ್ಲ.

ಸದ್ದಿಲ್ಲದೆ ಬಾರದ ಬಗೆಯೂ ಒಂದಿದೆ. ಏಷ್ಯಾದ ಜನರಲ್ಲಿ ಕಪ್ಪುಗುಡ್ಡೆಯ ಅಂಚಿನ ಮೂಲೆ ಇಕ್ಕಟ್ಟಾಗಿರುವುದು ಹೆಚ್ಚು. ಅದು ಒಮ್ಮೆಲೇ ಮುಚ್ಚಿಕೊಂಡರೆ ಕಣ್ಣು ಕೆಂಪಾಗಿ, ಅರ್ಧ ತಲೆ ಸಿಡಿದು, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿ ಬರುತ್ತದೆ. ವಾಂತಿ ನೋಡಿ ಪಿತ್ತ ಎಂದೋ, ತಲೆನೋವು ನೋಡಿ ಮೈಗ್ರೇನ್ ಎಂದೋ ಒಂದು ರಾತ್ರಿ ತಳ್ಳಿದರೂ ಆ ಕಣ್ಣಿಗೆ ಅಪಾಯ. ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಮೂಲೆ ಇಕ್ಕಟ್ಟಾಗಿದೆ ಎಂದು ಮೊದಲೇ ತಿಳಿದವರಿಗೆ, ಅಗತ್ಯ ಕಂಡರೆ, ಲೇಸರ್‌ನಿಂದ ಪಾಪೆಯ ಸುತ್ತಲಿನ ಪರದೆಯಲ್ಲಿ ಸೂಜಿಮೊನೆಯಷ್ಟು ಕಿಂಡಿ ಮಾಡುತ್ತಾರೆ. ಕೆಲವೇ ನಿಮಿಷಗಳ ಕೆಲಸ.

ನಾವೇ ಕೈಯಾರೆ ತಂದುಕೊಳ್ಳುವ ಗ್ಲಾಕೋಮಾ ಕಂಡರೆ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಧೂಳಿಗೆ, ಬೇಸಿಗೆಗೆ ಮಕ್ಕಳ ಕಣ್ಣು ತುರಿಸುತ್ತದೆ. ವೈದ್ಯರು ಒಮ್ಮೆ ಹದಿನೈದು ದಿನಕ್ಕೆಂದು ಸ್ಟೀರಾಯ್ಡ್ ಹನಿ ಬರೆಯುತ್ತಾರೆ. ತುರಿಕೆ ಬೇಗ ಇಳಿಯುತ್ತದೆ. ಮುಂದಿನ ಬೇಸಿಗೆಗೆ ಅದೇ ಬಾಟಲಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ತರುತ್ತೇವೆ, ತಿಂಗಳುಗಟ್ಟಲೆ ಹಾಕುತ್ತೇವೆ. ಇಂಥ ಹನಿ ವಾರಗಟ್ಟಲೆ ಬಿದ್ದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ, ಕೆಲವರಿಗೆ ವಿಪರೀತ ಏರುತ್ತದೆ. ಹತ್ತು-ಹನ್ನೆರಡು ವರ್ಷದ ಹುಡುಗ ಬೋರ್ಡು ಕಾಣುತ್ತಿಲ್ಲ ಎಂದು ಬರುವಾಗ ನರ ಬಿಳುಚಿರುತ್ತದೆ. ಡೆಕ್ಸಾಮೆಥಸೋನ್, ಬೆಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರು ಬಾಟಲಿಯ ಮೇಲಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಡಬಾರದು, ಕೊಟ್ಟರೂ ಕೊಳ್ಳಬಾರದು.

ಬೇಗ ಹಿಡಿದರೆ ಏನು ಲಾಭ ಎನ್ನುವವರಿಗೆ ಗಟ್ಟಿ ಉತ್ತರವಿದೆ. ಒತ್ತಡ ಹೆಚ್ಚಿದ್ದು ನರ ಇನ್ನೂ ಕೆಡದ ಸಾವಿರದ ಆರುನೂರಕ್ಕೂ ಹೆಚ್ಚು ಜನರನ್ನು ಅಮೆರಿಕದಲ್ಲಿ ವರ್ಷಗಟ್ಟಲೆ ಗಮನಿಸಿದರು. 2002ರಲ್ಲಿ ಬಂದ ಫಲಿತಾಂಶ: ಐದು ವರ್ಷದಲ್ಲಿ, ಒತ್ತಡ ಇಳಿಸುವ ಹನಿ ಹಾಕದವರಲ್ಲಿ ಶೇ. 9.5 ಮಂದಿಗೆ ರೋಗ ಕಾಣಿಸಿತು, ಹಾಕಿದವರಲ್ಲಿ ಶೇ. 4.4. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ಒತ್ತಡ ಇಳಿಸಲು ಹನಿಗಿಂತ ಮೊದಲೇ ಲೇಸರ್ ಮಾಡಿಸಿಕೊಂಡವರ ಪೈಕಿ ಸುಮಾರು ಮುಕ್ಕಾಲು ಜನರಿಗೆ ಮೂರು ವರ್ಷದವರೆಗೆ ಹನಿಯೇ ಬೇಕಾಗಲಿಲ್ಲ. ಹನಿಯಿಂದ ನೋಟ ಹೆಚ್ಚುವುದಿಲ್ಲ, ಉಳಿದದ್ದು ಉಳಿಯುತ್ತದೆ. ಉಪಯೋಗವೇ ಕಾಣುತ್ತಿಲ್ಲವೆಂದು ಬಾಟಲಿ ಮುಗಿದ ಮೇಲೆ ಸುಮ್ಮನಾಗುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಉಬ್ಬಸ ಇರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ. ಟಿಮೋಲೋಲ್‌ನಂಥ ಹನಿ ಅವರಿಗೆ ಹೊಂದುವುದಿಲ್ಲ.

ನಲವತ್ತಕ್ಕೆ ಹೇಗೂ ಚಾಳೀಸು ಬರುತ್ತದೆ, ಕನ್ನಡಕಕ್ಕೆ ಹೋಗಲೇಬೇಕು. ಅಂದು ಅಂಗಡಿಗೆ ಹೋಗುವ ಬದಲು ಕಣ್ಣಿನ ವೈದ್ಯರಲ್ಲಿ ಹೋಗಿ, ಒತ್ತಡ ಅಳೆಯಿರಿ, ನರ ನೋಡಿ ಎಂದು ಬಾಯಿಬಿಟ್ಟು ಕೇಳಿ. ಸಕ್ಕರೆ ಕಾಯಿಲೆಯವರು, ಹೆಚ್ಚು ಮೈನಸ್ ನಂಬರಿನವರು, ಕಣ್ಣಿಗೆ ಪೆಟ್ಟು ಬಿದ್ದವರು ನಲವತ್ತಕ್ಕೂ ಕಾಯಬಾರದು. ಎಲ್ಲರಿಗಿಂತ ಮುಂದೆ ಹೋಗಬೇಕಾದವರು ರೋಗಿಗಳ ಒಡಹುಟ್ಟಿದವರು ಮತ್ತು ಮಕ್ಕಳು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದ ಅಧ್ಯಯನದ ಪ್ರಕಾರ, ಬದುಕಿಡೀ ಲೆಕ್ಕ ಹಾಕಿದರೆ ರೋಗಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ ಶೇ. 22 ಮಂದಿಗೆ ಗ್ಲಾಕೋಮಾ ಬರುವ ಸಂಭವವಿದೆ. ರೋಗವಿಲ್ಲದ ಮನೆಯವರಲ್ಲಿ ಅದು ಶೇ. 2.3. ನಿಮಗೆ ಗ್ಲಾಕೋಮಾ ಇದೆಯೆಂದು ವೈದ್ಯರು ಹೇಳಿದ್ದರೆ ಅದನ್ನು ಮುಚ್ಚಿಡಬೇಡಿ. ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಇಂದೇ ಫೋನ್ ಮಾಡಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.